ಪೆಟ್ಟಿಗೆಯೊಳಗಿನ ಬೀಗದಕೈ

ಬ್ಯಾಂಕು, ವಿಶ್ವವಿದ್ಯಾಲಯ ಮೊದಲಾದೆಡೆಗಳಲ್ಲಿ ಹಗಲಿರುಳೂ ದುಡಿದು ನೂರಾರು ಗಣಕಗಳ ಬೇಡಿಕೆಯನ್ನು ಪೂರೈಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಬರಿಯ ಡಿಸ್ಕಿನ ಹೊಸ ಸರ್ವರಿನಲ್ಲಿ ನಾವು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ನೆಲೆಗೊಳಿಸಬೇಕಾಗಿದೆಯೆಂದು ಭಾವಿಸೋಣ. ಇಲ್ಲೊಂದು ತೊಡಕುಂಟು. ಡಿಸ್ಕನ್ನು ಓದುವ ಬಗೆಯನ್ನು ಯಂತ್ರಕ್ಕೆ ಕಲಿಸತಕ್ಕದ್ದು ಕಾರ್ಯಾಚರಣ ವ್ಯವಸ್ಥೆ. ಆ ವ್ಯವಸ್ಥೆಯಾದರೋ ಡಿಸ್ಕಿನ ಮೇಲೆಯೇ ಇರುವುದು! ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತಲ್ಲವೆ?

ಯಂತ್ರದ ಮುಖ್ಯ ಫಲಕದಲ್ಲಿ, ವಿದ್ಯುತ್ತು ನಿಂತರೂ ನೆನಪು ಅಳಿಯದ ಚಿಪ್ಪೊಂದಿದೆ. ಐಬಿಎಂ ಸಂಸ್ಥೆಯು ೧೯೮೧ರಲ್ಲಿ ಹೊರತಂದ ಪಿ.ಸಿ.ಯಲ್ಲಿ ಅದರೊಳಗಿನ ಕ್ರಮವಿಧಿಗೆ ಬಯಾಸ್ ಎಂದು ಹೆಸರಿಟ್ಟರು. ಬಯಾಸಿನ ವಿದ್ಯೆ ಅತ್ಯಲ್ಪ. ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಸ್ಮೃತಿಗೆ ತಂದು, ಅಲ್ಲಿರುವ ಆದೇಶಗಳಿಗೆ ಅಧಿಕಾರವನ್ನು ಒಪ್ಪಿಸಿಬಿಡುತ್ತದೆ. ಆ ೫೧೨ರಲ್ಲಿ ಡಿಸ್ಕಿನ ಭಾಗಗಳ ಪಟ್ಟಿಗೆ ೬೪, ಕೊನೆಯ ಗುರುತಿಗೆ ೨ ಸಲ್ಲುವುದರಿಂದ ಆದೇಶಗಳಿಗೆ ಉಳಿಯುವುದು ೪೪೬ ಮಾತ್ರ. ಇಷ್ಟರಲ್ಲಿ ಪೂರ್ಣ ವ್ಯವಸ್ಥೆಯು ಹಿಡಿಸುವುದೆಂತು? ಈ ಪುಟ್ಟ ಕ್ರಮವಿಧಿಯು ತನಗಿಂತ ದೊಡ್ಡದನ್ನು ಕರೆಯುತ್ತದೆ. ಆ ದೊಡ್ಡದು ಬಂದು ಲಿನಕ್ಸಿನ ತಿರುಳನ್ನು ಎಬ್ಬಿಸುತ್ತದೆ. ಪಟ್ಟಿಯಲ್ಲಿ ಡಿಸ್ಕಿನ ಸ್ಥಾನವನ್ನು ಬರೆಯಲು ೩೨ ಬಿಟ್ಟುಗಳಷ್ಟೇ ಇರುವ ಕಾರಣ, ಸುಮಾರು ೨.೨ ಲಕ್ಷ ಕೋಟಿ ಬೈಟುಗಳಿಗಿಂತ ಆಚಿನ ಡಿಸ್ಕು ಈ ಪದ್ಧತಿಗೆ ಕಾಣದು. ಈಗಿನ ಸರ್ವರುಗಳಲ್ಲಿ ಬಯಾಸಿಗೆ ಬದಲಾಗಿ ಯುಇಎಫ್‌ಐ ಬಂದಿದೆ. ಅದು ಜಿಪಿಟಿ ಎಂಬ ಹಿರಿದಾದ ಪಟ್ಟಿಯನ್ನು ಓದಬಲ್ಲುದು.

ನಿಜವಾದ ಬಿಕ್ಕಟ್ಟು ಇನ್ನು ಮುಂದೆ. ಸರ್ವರಿನ ಡಿಸ್ಕುಗಳು ಹಲವು ವೇಳೆ ರೇಯ್ಡ್ ಎಂಬ ನಿಯಂತ್ರಕ ಫಲಕದ ಹಿಂದಿರುತ್ತವೆ. ಎದ್ದ ತಿರುಳು ಇನ್ನು ತಾನೇ ಡಿಸ್ಕನ್ನು ಓದಬೇಕು. ಅದಕ್ಕೆ ಆ ಫಲಕದ ಭಾಷೆಯನ್ನರಿತ ಚಾಲಕ ತಂತ್ರಾಂಶ ಬೇಕು. ಚಾಲಕವು ಡಿಸ್ಕಿನಲ್ಲೇ ಸಿಕ್ಕಿಕೊಂಡಿದ್ದರೆ? ಪರಿಹಾರವು ಜಾಣ್ಮೆಯದು. ವ್ಯವಸ್ಥೆಯನ್ನು ನೆಲೆಗೊಳಿಸುವಾಗಲೇ ಬೇಕಾದ ಚಾಲಕಗಳನ್ನು ಒಂದು ಕಿರುಗಂಟಿನಲ್ಲಿ ಕಟ್ಟಿಡುತ್ತಾರೆ. ತಿರುಳನ್ನು ತರುವ ಕ್ರಮವಿಧಿಯು ಚಿಪ್ಪಿನ ನೆರವಿನಿಂದ ಈ ಗಂಟನ್ನೂ ಸ್ಮೃತಿಗೆ ತಂದಿಡುತ್ತದೆ. ತಿರುಳು ಅದನ್ನು ಬಿಚ್ಚಿ, ಚಾಲಕವನ್ನು ಪಡೆದು, ಬಳಿಕ ಡಿಸ್ಕಿಗೆ ಕೈಯಿಡುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನಿದ್ದಂತೆ!

ಫಲಕವು ತೀರ ಹೊಸದಾಗಿದ್ದು ಅದರ ಚಾಲಕವೇ ಸ್ಥಾಪನಾ ತಂತ್ರಾಂಶದಲ್ಲಿಲ್ಲದಿದ್ದರೆ, ಎದುರಿಗೇ ಇರುವ ಡಿಸ್ಕುಗಳು ಪರದೆಯಲ್ಲಿ ಮೂಡುವುದೇ ಇಲ್ಲ. ರೆಡ್ ಹ್ಯಾಟ್, ಮೈಕ್ರೋಸಾಫ್ಟ್ ಮುಂತಾದ ಸಂಸ್ಥೆಗಳು ಹೊಂದಿಕೆಯಾಗುವ ಯಂತ್ರಗಳ ಪಟ್ಟಿಯನ್ನು ಪ್ರಕಟಿಸುವುದು ಇದಕ್ಕಾಗಿಯೇ. ಹಣ ತೆರುವ ಮೊದಲೇ ಅದನ್ನು ನೋಡತಕ್ಕದ್ದು.

ಡಿಸ್ಕು ಕಾಣದಿದ್ದರೆ ಹೊತ್ತು ಹೋಗುತ್ತದೆ, ಅಷ್ಟೆ. ತಪ್ಪು ಡಿಸ್ಕನ್ನು ಆರಿಸಿದರೆ ಹಲವು ವರ್ಷದ ಲೆಕ್ಕಪತ್ರಗಳೇ ಹೋದಾವು. ಲಿನಕ್ಸು ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕಂಡುಬಂದ ಅನುಕ್ರಮದಿಂದ ಹುಟ್ಟಿದವು. ಮುಂದಿನ ಸಲ ಅದಲುಬದಲಾಗಬಹುದು. ಒಂದರ ಪ್ರತಿಬಿಂಬವಾಗಿ ಎರಡನೆಯ ಡಿಸ್ಕಿದೆಯೆಂಬ ಧೈರ್ಯವೂ ಇಲ್ಲಿ ಸಲ್ಲದು, ಅಳಿಸಿದ್ದೂ ಪ್ರತಿಬಿಂಬಿಸುತ್ತದೆ! ಆದುದರಿಂದ ಹೆಸರನ್ನು ನಂಬದೆ, ಕಾರ್ಖಾನೆಯವರು ಡಿಸ್ಕಿನ ಮೇಲೆ ಅಚ್ಚೊತ್ತಿದ ಕ್ರಮಸಂಖ್ಯೆಯನ್ನೇ ಪರದೆಯ ಸಂಖ್ಯೆಯೊಡನೆ ತಾಳೆನೋಡಬೇಕು. ಹಳೆಯ ಡಿಸ್ಕುಗಳನ್ನು ಕೆಲಸ ಮುಗಿಯುವವರೆಗೆ ಕಳಚಿಡುವುದು ಇನ್ನೂ ಮೇಲು.