ಹಿಂಭಾಗ ಕುಸಿದ ಪಿಕಪ್ ಗಾಡಿ: ಬ್ಲಾಕ್ ಹಾಕಿಸುವ ಮುನ್ನ ತಿಳಿಯಬೇಕಾದದ್ದು

ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರು ಭಾಗದ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಪಾಲಕರಲ್ಲಿ ಕೆಲವರ ಜೀವನೋಪಾಯ ಒಂದು ಪಿಕಪ್ ಗಾಡಿಯನ್ನೇ ಅವಲಂಬಿಸಿದೆ. ತಾಂಡೂರಿನ ಹಾಸುಗಲ್ಲು, ಖೇಡದ ಹತ್ತಿ, ತೊಗರಿ, ಜಹೀರಾಬಾದಿನ ಶುಂಠಿ ಹೊತ್ತು ಈ ಗಾಡಿಗಳು ಬೀದರ, ಚಿಂಚೋಳಿ, ಸೇಡಂವರೆಗೂ ಹೋಗಿಬರುತ್ತವೆ. ಕೆಲವು ವರ್ಷ ದುಡಿದ ಗಾಡಿಯ ಹಿಂಭಾಗ ಕುಸಿದಾಗ ಕಡಿಮೆ ಖರ್ಚಿನಲ್ಲಿ ಮುಗಿಯುವ ಉಪಾಯವೆಂದು ಕಮಾನಿನ ಕೆಳಗೆ ಬ್ಲಾಕ್ ಹಾಕಿಸುವುದುಂಟು. ಅದು ಏನನ್ನು ಸರಿಪಡಿಸುತ್ತದೆ, ಏನನ್ನು ಸರಿಪಡಿಸುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಪಿಕಪ್ ಗಾಡಿ ಖಾಲಿಯಿದ್ದಾಗ ಅದರ ಹಿಂಭಾಗ ತುಸು ಎತ್ತರದಲ್ಲಿರುವುದು ದೋಷವಲ್ಲ; ಹೊರೆ ಬಿದ್ದಾಗ ಗಾಡಿ ಸಮವಾಗಲೆಂದೇ ಅದನ್ನು ಹಾಗೆ ರೂಪಿಸಿರುತ್ತಾರೆ. ಹೊರೆಯನ್ನು ಹೊರುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು. ಅದು ಚಕ್ರಗಳ ಆಕ್ಸಲ್ ಮೇಲೆ ಕುಳಿತಿರುತ್ತದೆ. ಎರಡನ್ನೂ ಯು-ಬೋಲ್ಟ್‌ಗಳು ಬಿಗಿದಿರುತ್ತವೆ. ಬ್ಲಾಕ್ ಎಂದರೆ ಇವೆರಡರ ನಡುವೆ ಸೇರಿಸುವ ಲೋಹದ ತುಂಡು. ಅದರ ದಪ್ಪದಷ್ಟೇ ಗಾಡಿಯ ಹಿಂಭಾಗ ಮೇಲೇರುತ್ತದೆ.

ಆದರೆ ಕಮಾನಿನ ಶಕ್ತಿ ಹೆಚ್ಚುವುದಿಲ್ಲ. ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುವ ಹುಕ್‌ನ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಒಂದು ಮಿತಿಯೊಳಗೆ, ಹೊರೆ ಎಷ್ಟು ಪಟ್ಟು ಹೆಚ್ಚಿದರೆ ಬಾಗುವಿಕೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. 500 ಕಿಲೋ ಹೊರೆಗೆ 3 ಸೆಂ.ಮೀ. ಇಳಿಯುವ ಕಮಾನು 1,000 ಕಿಲೋಗೆ 6 ಸೆಂ.ಮೀ. ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. 5 ಸೆಂ.ಮೀ. ಬ್ಲಾಕ್ ಹಾಕಿದ ಮೇಲೂ ಅದು ಇಳಿಯುವುದು 6 ಸೆಂ.ಮೀ.ಯೇ. ಇಳಿಯಲು ಆರಂಭಿಸುವ ಎತ್ತರ ಮಾತ್ರ ಬದಲಾಗಿದೆ. ಗಾಡಿ ಸಮವಾಗಿ ಕಂಡಿತೆಂದು ಇನ್ನಷ್ಟು ಹೊರೆ ಹೇರಿದರೆ ಅಪಾಯ ಅಲ್ಲಿಂದಲೇ ಆರಂಭ.

ಕಮಾನು ಅತಿಯಾಗಿ ಬಾಗದಂತೆ ತಡೆಯಲು ಚಾಸಿಯ ಕೆಳಗೆ ಒಂದು ರಬ್ಬರ್ ತಡೆ ಇರುತ್ತದೆ. ಬ್ಲಾಕ್ ಹಾಕಿದಾಗ ಆ ತಡೆಗೂ ಆಕ್ಸಲ್‌ಗೂ ನಡುವಿನ ಅಂತರ ಹೆಚ್ಚುತ್ತದೆ. ಕಮಾನು ತನ್ನ ಮಿತಿ ಮೀರಿ ಬಾಗಿ ಪಟ್ಟಿ ಮುರಿಯಬಹುದು. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿಕೊಳ್ಳುವ ಬಲವೂ ಬ್ಲಾಕ್ ಎತ್ತರವಾದಷ್ಟು ಹೆಚ್ಚುತ್ತದೆ. ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ಕೆಲವು ಗಾಡಿಗಳಲ್ಲಿ ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರವನ್ನು ನೋಡಿ ಹಿಂದಿನ ಬ್ರೇಕಿನ ಒತ್ತಡವನ್ನು ನಿರ್ಧರಿಸುವ ವಾಲ್ವ್ ಇರುತ್ತದೆ. ಬ್ಲಾಕಿನಿಂದ ಅಂತರ ಹೆಚ್ಚಿದರೆ ಅದು ಗಾಡಿ ಖಾಲಿಯಿದೆಯೆಂದು ಭಾವಿಸಿ, ತುಂಬಿದ ಗಾಡಿಗೂ ಕಡಿಮೆ ಬ್ರೇಕ್ ಕೊಡುತ್ತದೆ. ಝರಾಸಂಗಮದ ಜಾತ್ರೆಗೆ ಮನೆಮಂದಿಯನ್ನೆಲ್ಲ ಹಿಂದೆ ಕೂರಿಸಿಕೊಂಡು ಹೊರಡುವವರು ಇದನ್ನು ಯೋಚಿಸಬೇಕು. ಸರಕು ಗಾಡಿಯಲ್ಲಿ ಜನರನ್ನು ಹೀಗೆ ಒಯ್ಯುವುದು ಮೊದಲೇ ನಿಯಮಬಾಹಿರ.

ಹಿಂಭಾಗ ಕುಸಿಯಲು ಮುಖ್ಯ ಕಾರಣಗಳು ಎರಡು: ಕಮಾನು ದಣಿದಿರುವುದು, ಅಥವಾ ಹೊರೆ ಮಿತಿ ಮೀರಿರುವುದು. ಹೊರೆಯನ್ನು ಕಣ್ಣಳತೆಯಿಂದ ತಿಳಿಯಲಾಗದು. ಒಂದು ಅಂಗುಲ ದಪ್ಪದ ಹಾಸುಗಲ್ಲು ಒಂದು ಚದರ ಅಡಿಗೆ ಸುಮಾರು 6 ಕಿಲೋ ತೂಗುತ್ತದೆ. 250 ಚದರ ಅಡಿ ಕಲ್ಲಿಗೆ 1,500 ಕಿಲೋ ಆಯಿತು. ಡಬ್ಬದಲ್ಲಿ ಹರಡಿದರೆ ಅದು ಒಂದು ಗೇಣೂ ಎತ್ತರವಾಗದು. ಬಿಡಿ ಹತ್ತಿಯಾದರೋ ತೂಕ ತುಂಬುವ ಮೊದಲೇ ಡಬ್ಬ ತುಂಬುತ್ತದೆ. ಆರ್.ಸಿ.ಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಹೇರಬಹುದಾದ ಹೊರೆ ತಿಳಿಯುತ್ತದೆ. ಗಾಡಿಯಲ್ಲಿ ಕುಳಿತವರ ತೂಕವೂ ಅದರಲ್ಲೇ ಸೇರಬೇಕು. ಧರ್ಮಕಾಟಾದಲ್ಲಿ ಒಮ್ಮೆ ತೂಗಿಸಿದರೆ ಸಂಶಯ ಉಳಿಯದು.

ಕಮಾನನ್ನು ಪರೀಕ್ಷಿಸುವುದೂ ಸುಲಭ. ಖಾಲಿ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ನಡುಬಿಂದುವಿನಿಂದ ನೇರ ಮೇಲೆ ಡಬ್ಬದ ಅಂಚಿನವರೆಗೆ ಟೇಪಿನಿಂದ ಅಳೆಯಬೇಕು. ಒಂದು ಬದಿ ತಗ್ಗಿದ್ದರೆ ಅಲ್ಲಿ ಪಟ್ಟಿ ಬಿರುಕು ಬಿಟ್ಟಿರಬಹುದು, ಬುಷ್ ಸವೆದಿರಬಹುದು. ಎರಡೂ ಬದಿ ತಗ್ಗಿದ್ದರೆ ಕಮಾನು ದಣಿದಿದೆಯೆಂದು ತಿಳಿಯಬೇಕು. ಆಗ ಪಟ್ಟಿಗಳನ್ನು ಬದಲಿಸುವುದೇ ಸರಿಯಾದ ಚಿಕಿತ್ಸೆ, ಅದೂ ಎರಡೂ ಬದಿಗೆ ಒಟ್ಟಿಗೆ.

ಬ್ಲಾಕ್ ಎಂಬುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಕೆಲವು ಗಾಡಿಗಳಿಗೆ ತಯಾರಕರೇ ಅದನ್ನು ಅಳವಡಿಸಿರುತ್ತಾರೆ. ಅಂಥ ಗಾಡಿಗೆ ಬದಲಿಸುವಾಗ ಅದೇ ಅಳತೆಯದನ್ನೇ, ಹೊಸ ಯು-ಬೋಲ್ಟ್‌ಗಳೊಡನೆ ಹಾಕಿಸಬೇಕು. ಕಟ್ಟಿಗೆಯ ತುಂಡು, ಒಂದರ ಮೇಲೊಂದು ಪೇರಿಸಿದ ಬ್ಲಾಕ್ ಸರ್ವಥಾ ಬೇಡ. ಕೆಲವು ದಿನ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಬೇಕು. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸುತ್ತದೆ ಎಂಬುದೂ ನೆನಪಿರಲಿ.

ಈ ಭಾನುವಾರ ಗಾಡಿ ಮನೆಯ ಮುಂದೆ ಖಾಲಿ ನಿಂತಿದ್ದರೆ, ಟೇಪನ್ನು ಮಗನ ಅಥವಾ ಮಗಳ ಕೈಗೆ ಕೊಟ್ಟು ಅಳೆಸಿರಿ. ಎರಡೂ ಬದಿಯ ಅಳತೆಯನ್ನು ದಿನಾಂಕದೊಡನೆ ನೋಟುಪುಸ್ತಕದಲ್ಲಿ ಬರೆದಿಡಲಿ. ಮೂರು ತಿಂಗಳ ನಂತರ ಮತ್ತೆ ಅಳೆದು ಹೋಲಿಸಲಿ.