ಕಿವಿಗೆ ಮರದ ಬಟ್ಟಲು: ಕಾಸಿಗೆ ತಕ್ಕ ಸುಖವೇ?

ಸಂಬಳ ಕೈಗೆ ಬಂದ ಹೊಸದರಲ್ಲಿ ಬೈಕು, ಆಮೇಲೆ ಕ್ಯಾಮೆರಾ, ಅದೂ ಹಳತಾದ ಮೇಲೆ ಕಾಫಿ ಯಂತ್ರ. ಬೆಂಗಳೂರಿನ ಐಟಿ ಮಂದಿಯ ಷೋಕಿಗಳ ಈ ಸಾಲಿಗೆ ಹೆಡ್‌ಫೋನ್ ಸೇರಿ ಕೆಲವು ವರ್ಷಗಳೇ ಆದವು. ಆ ಗೀಳು ಹತ್ತಿದವರು ಇವತ್ತಲ್ಲ ನಾಳೆ ಬಂದು ನಿಲ್ಲುವ ಜಾಗ ಒಂದಿದೆ: ಮರದ ಬಟ್ಟಲು, ಹಿಂದುಗಡೆ ತೆರೆದ ಜಾಲರಿ, ಒಳಗೆ ಪ್ಲೇನಾರ್ ಮ್ಯಾಗ್ನೆಟಿಕ್ ಡ್ರೈವರ್. ಬೆಲೆ ಹತ್ತಾರು ಸಾವಿರದಿಂದ ಲಕ್ಷ ದಾಟುವವರೆಗೆ. ನೋಡಿದರೆ ಆಸೆಯಾಗುತ್ತದೆ, ಅದು ನಿಜ. ಆದರೆ ವೈಟ್‌ಫೀಲ್ಡಿನಲ್ಲೋ ಪೀಣ್ಯದಲ್ಲೋ ಮನೆ ಮಾಡಿಕೊಂಡವರಿಗೆ ಅದರಿಂದ ಸಿಗುವುದೇನು?

ಮೊದಲು ಒಳಗಿನ ಸಂಗತಿ. ಸಾಮಾನ್ಯ ಹೆಡ್‌ಫೋನಿನಲ್ಲಿ ಸಣ್ಣ ಪೊರೆ ಇರುತ್ತದೆ. ಅದರ ಬೆನ್ನಿಗೆ ಅಂಟಿಸಿದ ತಂತಿ ಸುರುಳಿ ಆಯಸ್ಕಾಂತದ ನಡುವೆ ಹಿಂದೆ ಮುಂದೆ ಅಲುಗಾಡಿ ಪೊರೆಯನ್ನು ತಳ್ಳುತ್ತದೆ. ತಳ್ಳುವುದು ಒಂದೇ ಜಾಗದಿಂದ, ಹಾಗಾಗಿ ಉಳಿದ ಭಾಗ ಒಂದಿಷ್ಟು ತನ್ನ ಪಾಡಿಗೆ ತಾನು ನಡುಗುವುದೂ ಉಂಟು. ಪ್ಲೇನಾರ್‌ನಲ್ಲಿ ಸುರುಳಿಯೇ ಇಲ್ಲ. ಕೂದಲೆಳೆಗಿಂತ ಎಷ್ಟೋ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಪಟ್ಟಿಯನ್ನು ಅಂಕುಡೊಂಕಾಗಿ ಹಾಯಿಸಿ, ಆಯಸ್ಕಾಂತದ ಸಾಲುಗಳೆದುರು ಬಿಗಿದು ಕೂರಿಸಿರುತ್ತಾರೆ. ವಿದ್ಯುತ್ತು ಹರಿದಾಗ ಹಾಳೆಯ ಮೈಯೆಲ್ಲ ಒಟ್ಟಿಗೇ ಚಲಿಸುತ್ತದೆ. ಚೆನ್ನಾಗಿ ಮಾಡಿದ ಪ್ಲೇನಾರ್‌ನ ಕೆಳಸ್ವರ ಮಸುಕಾಗದೆ ಆಳಕ್ಕಿಳಿಯುವುದಕ್ಕೆ ಇದೇ ಮುಖ್ಯ ಕಾರಣ.

ಇದೇನು ನಿನ್ನೆ ಮೊನ್ನೆಯ ಕಂಡುಹಿಡಿತವಲ್ಲ. ಜಪಾನಿನ ಯಮಾಹಾ 1976ರಲ್ಲೇ ಎಚ್‌ಪಿ-1 ಎಂಬ ಮಾದರಿ ತಂದಿತ್ತು. ವಿನ್ಯಾಸ ಮಾಡಿದವರು ಇಟಲಿಯ ಮಾರಿಯೊ ಬೆಲ್ಲಿನಿ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಆಯಸ್ಕಾಂತ ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಟ್ಟಿತು. ಮರಕ್ಕೂ ಪ್ಲೇನಾರ್‌ಗೂ ಗಂಟು ಹಾಕಿ ಜನರ ಕಣ್ಣಿಗೆ ಬೀಳಿಸಿದ ಕಂಪನಿಗಳಲ್ಲಿ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಆಡೀಜಿಯದು. ಶಂಕರ್ ತ್ಯಾಗಸಮುದ್ರಂ ಮತ್ತಿತರರು 2008ರಲ್ಲಿ ಕಟ್ಟಿದ ಈ ಸಂಸ್ಥೆಯನ್ನು 2023ರಲ್ಲಿ ಸೋನಿ ಕೊಂಡುಕೊಂಡಿತು. ಅದರ ಎಲ್‌ಸಿಡಿ-2ರ ಬಿದಿರಿನ ಮತ್ತು ರೋಸ್‌ವುಡ್ ಬಳೆಗಳನ್ನು ಕಂಡು ಮರುಳಾದವರಿಗೆ ಲೆಕ್ಕವಿಲ್ಲ. ಚೀನಾದ ಸಿವ್‌ಗಾ, ಸೆಂಡಿ ಬ್ರ್ಯಾಂಡುಗಳು ಅದೇ ಆಸೆಯನ್ನು ಕಡಿಮೆ ಬೆಲೆಗೆ ಇಳಿಸಿವೆ. ಇವುಗಳಲ್ಲಿ ಹೆಚ್ಚು ಕಾಣುವುದು ವಾಲ್‌ನಟ್ ಮತ್ತು ಜೀಬ್ರಾವುಡ್. ನಮ್ಮ ಮಲೆನಾಡಿನ ಬೀಟೆಯೂ ಸೇರಿದಂತೆ ರೋಸ್‌ವುಡ್ ಎನಿಸಿಕೊಳ್ಳುವ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವಂತೂ 2017ರ ಜನವರಿಯಿಂದ, ಅಳಿವಿನ ಭೀತಿಯ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಹತೋಟಿಯಲ್ಲಿದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಮರದಿಂದ ನಾದಕ್ಕೆ ಏನಾದರೂ ಬರುತ್ತದೆಯೇ? ಮೈಸೂರು ವೀಣೆಯಲ್ಲಿ ಬರುತ್ತದೆ. ಅಲ್ಲಿ ತಂತಿಯ ಕಂಪನ ಹಿತ್ತಾಳೆ ತಗಡು ಹೊದಿಸಿದ ಕುದುರೆಯ ಮೂಲಕ ಹಲಸಿನ ಕೊಡದ ಮೇಲ್ಹಲಗೆಗೆ ಇಳಿಯುತ್ತದೆ. ನಾವು ಕೇಳುವುದು ಬಹುಮಟ್ಟಿಗೆ ಆ ಹಲಗೆಯ ದನಿಯನ್ನೇ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಮುಗಿದ ಮೇಲೂ ಉಳಿಯುವ ಎಳೆಯಲ್ಲಿ ಮರದ ಪಾಲು ದೊಡ್ಡದು. ಹೆಡ್‌ಫೋನಿನ ಕೆಲಸ ಇದಕ್ಕೆ ತಿರುಗುಮುರುಗು. ಅದು ತನ್ನದೇನನ್ನೂ ಸೇರಿಸಬಾರದು. ಹಿಂದುಗಡೆ ಮುಚ್ಚಿದ ಮಾದರಿಯಲ್ಲಾದರೆ ಬಟ್ಟಲಿನೊಳಗೆ ಸದ್ದು ಪುಟಿಯುತ್ತದೆ, ಅಲ್ಲಿ ಮರದ ದಪ್ಪ, ಆಕಾರಗಳಿಗೆ ಕೆಲಸವಿದೆ. ಹಿಂದುಗಡೆ ತೆರೆದೇ ಇದ್ದರೆ ಸದ್ದು ಜಾಲರಿ ದಾಟಿ ಹೋಗಿಬಿಡುತ್ತದೆ. ಮರ ಬರೀ ಚೌಕಟ್ಟು. ನಾದವನ್ನು ತೀರ್ಮಾನಿಸುವುದು ಹಾಳೆ, ಆಯಸ್ಕಾಂತ, ಜಾಲರಿಯ ತೂತು, ಎಲ್ಲಕ್ಕಿಂತ ಹೆಚ್ಚಾಗಿ ಕಿವಿಮೆತ್ತೆ. ಮೆತ್ತೆಯ ದಪ್ಪ ಬದಲಿಸಿ, ಹೆಡ್‌ಫೋನೇ ಬದಲಾದಂತೆ ಕೇಳುತ್ತದೆ. ‘ಮರದ ಬೆಚ್ಚನೆಯ ದನಿ’ ಎಂಬ ಮಾರಾಟದ ಮಾತಿಗೆ ಕಾಸು ಕೊಡಬೇಕಿಲ್ಲ. ಚೆಂದಕ್ಕೆ ಕೊಡುತ್ತೇನೆಂದರೆ ಬೇಡವೆನ್ನುವವರು ಯಾರು?

ದೊಡ್ಡ ತೊಡಕು ಹೊರಗಿನದು. ತೆರೆದ ಜಾಲರಿ ಹಾಡನ್ನು ಹೊರಗೆ ಬಿಡುವಷ್ಟೇ ಸಲೀಸಾಗಿ ಊರಿನ ಸದ್ದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಎಂದರೆ ಪೀಣ್ಯದ ಶೆಡ್ಡುಗಳ ಮಗ್ಗುಲಲ್ಲಿ ಎಲ್ಲರೂ ಕಾನೂನು ಪಾಲಿಸಿದರೂ ನಡುರಾತ್ರಿಯ ತಂಬೂರಿ ಕೇಳುವುದು ಕಷ್ಟ. ಎಲೆಕ್ಟ್ರಾನಿಕ್ ಸಿಟಿಯ ಡಬಲ್ ಶೇರಿಂಗ್ ಪಿಜಿಯಲ್ಲಿ ಇನ್ನೊಂದು ಪೇಚು: ನೀವು ಕೇಳುವ ಹಾಡನ್ನು ಪಕ್ಕದ ಮಂಚದವರೂ ಕೇಳಬೇಕು. ಆಫೀಸಿಗಾಗಲಿ, 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಓಡತೊಡಗಿದ ಹಳದಿ ಮಾರ್ಗದ ಮೆಟ್ರೊಗಾಗಲಿ ಇದು ಒಗ್ಗುವುದಿಲ್ಲ. ಹೊರಗಿನ ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುವುದು ಕಿವಿಗೇ ಕೇಡು. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್.

ಹಾಗಾದರೆ ಪರೀಕ್ಷೆ ಹೇಗೆ? ಅಂಗಡಿಯವರು ಹಾಕುವ ಇಂಗ್ಲಿಷ್ ಹಾಡು ಬೇಡ, ಬಾಯಿಪಾಠವಾಗಿರುವ ನಮ್ಮ ಸಂಗೀತವೇ ಸಾಕು. ಒಳ್ಳೆಯ ಕರ್ನಾಟಕ ಸಂಗೀತ ಕಚೇರಿಯೊಂದರಲ್ಲಿ ಮೃದಂಗದ ಎಡಗೈಯನ್ನು ಹಿಂಬಾಲಿಸಿ. ಆ ಮುಖಕ್ಕೆ ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತಿರುತ್ತಾರೆ. ಅದರಿಂದಲೇ ಆ ತುಂಬಿದ ‘ಗುಂ’. ಅಂಗೈ ಒತ್ತಿ ಸ್ವರವನ್ನು ಮೇಲಕ್ಕೆ ಜಾರಿಸುವುದು ಬಿಡಿಬಿಡಿಯಾಗಿ ಕೇಳಿಸಬೇಕು, ಬರೀ ಧಡ್ ಎಂದರೆ ಆ ಹೆಡ್‌ಫೋನ್ ಬೇಡ. ಎಸ್. ಜಾನಕಿಯವರ ಹಾಡಿನಲ್ಲಿ ‘ಸ’ ‘ಶ’ಗಳು ಕಿವಿ ಚುಚ್ಚುತ್ತವೆಯೇ ನೋಡಿ. ಪಿ.ಬಿ. ಶ್ರೀನಿವಾಸ್ ಕಾಲದ ಚಿತ್ರಗೀತೆಗಳು ಬಹುತೇಕ ಮೋನೊ. ಎಷ್ಟೇ ದುಬಾರಿ ಹೆಡ್‌ಫೋನ್ ಹಾಕಿದರೂ ದನಿ ತಲೆಯ ನಡುವೆಯೇ ಕೂರುತ್ತದೆ, ಹಳೆಯ ಧ್ವನಿಮುದ್ರಣದ ಸುಯ್ ಸದ್ದು ಮಾತ್ರ ಇನ್ನಷ್ಟು ನಿಚ್ಚಳ! ಎರಡು ಹೆಡ್‌ಫೋನ್ ಹೋಲಿಸುವಾಗ ಸದ್ದಿನ ಮಟ್ಟ ಸಮ ಮಾಡಿಕೊಳ್ಳುವುದು ಕಡ್ಡಾಯ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಮನಸ್ಸು ಹೇಳಿಬಿಡುತ್ತದೆ.

ಕರೆಂಟಿನ ಲೆಕ್ಕವೂ ಇದೆ. ಒಂದು ಮಿಲಿವಾಟ್‌ಗೆ 96 ಡೆಸಿಬೆಲ್ ಕೊಡುವ ಪ್ಲೇನಾರ್‌ಗೆ ಸಂಗೀತದ ಏರಿನ ಕ್ಷಣಗಳಲ್ಲಿ 110 ಮುಟ್ಟಲು ಸುಮಾರು 25 ಮಿಲಿವಾಟ್ ಸಾಕು. ಫೋನಿಗೆ ಸಿಕ್ಕಿಸುವ ಒಳ್ಳೆಯ ಡಾಂಗಲ್ ಅಷ್ಟನ್ನು ಕೊಟ್ಟೀತು. ಹೈಫೈಮ್ಯಾನ್ ಕಂಪನಿಯ ಹಳೆಯ ಎಚ್‌ಇ-6ರ ಸಂವೇದನೆ, ಅಂದರೆ ಒಂದು ಮಿಲಿವಾಟ್‌ಗೆ ಕೊಡುವ ಸದ್ದು, 83.5 ಡೆಸಿಬೆಲ್ ಮಾತ್ರ; ಅದಕ್ಕೆ ಹದಿನೆಂಟು ಪಟ್ಟು ಹೆಚ್ಚು ಶಕ್ತಿ ಬೇಕು. ಹಾಗಾಗಿ ಡಬ್ಬಿಯ ಮೇಲೆ ಓಮ್‌ಗಿಂತ ಮೊದಲು ಓದಬೇಕಾದ ಅಂಕಿ ಸಂವೇದನೆಯದು.

ತೂಕವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎಲ್‌ಸಿಡಿ-2 ಅರ್ಧ ಕಿಲೋ ಮೀರುತ್ತದೆ. ಅಂಗಡಿಯ ಐದು ನಿಮಿಷದಲ್ಲಿ ಗೊತ್ತಾಗದು. ಒಂದು ತಾಸಿನ ರಾಗ ಮುಗಿಯುವ ಹೊತ್ತಿಗೆ ಕುತ್ತಿಗೆಯೇ ಹೇಳುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯ ಅಡಿ ಸಂದು ಮಾಡಿ ಕೆಳಸ್ವರ ಸೋರಿಸುವುದೂ ಉಂಟು, ಕನ್ನಡಕದವರು ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು.

ಒಟ್ಟಾರೆ, ರಾತ್ರಿ ಹತ್ತರ ಮೇಲೆ ನಿಶ್ಶಬ್ದವಾಗುವ ಸ್ವಂತ ಕೋಣೆ, ಕೂತು ಕೇಳುವ ಪುರುಸೊತ್ತು ಎರಡೂ ಇದ್ದವರಿಗೆ ಈ ಹೆಡ್‌ಫೋನು ಕೊಟ್ಟ ಕಾಸಿಗೆ ಮೋಸವಿಲ್ಲ. ರಿಂಗ್ ರೋಡಿಗೆ ಕಿಟಕಿ ತೆರೆಯುವ ಮನೆಯವರು ಹಿಂದುಗಡೆ ಮುಚ್ಚಿದ್ದನ್ನೇ ಕೊಳ್ಳುವುದು ವಾಸಿ. ಯಾವುದೇ ಆಗಲಿ, ವಾಪಸು ತೆಗೆದುಕೊಳ್ಳುವ ಷರತ್ತು ಓದಿಕೊಂಡು, ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಂಡು ಆಮೇಲೆ ದುಡ್ಡು ಕೊಡಿ.