ಎ.ಸಿ.ಯ ಹೊರಪೆಟ್ಟಿಗೆ ಮತ್ತು ಅದರ ಆರೈಕೆ

ಸೊಲ್ಲಾಪುರದ ಬೇಸಿಗೆ 40 ಡಿಗ್ರಿಯನ್ನು ದಾಟುವುದು ಹೊಸತೇನಲ್ಲ. ಮಾಳಿಗೆಗಳ ಮೇಲೆ ಸಾಲುಗಟ್ಟಿ ಕುಳಿತಿರುವ ಎ.ಸಿ.ಯ ಪೆಟ್ಟಿಗೆಗಳು ಮಾತ್ರ ಹೊಸತು. ಮರಾಠಿಯವರು ‘ವಾತಾನುಕೂಲನ’ ಎನ್ನುತ್ತಾರೆ, ನಾವು ‘ಹವಾನಿಯಂತ್ರಣ’ ಎನ್ನುತ್ತೇವೆ. ಎರಡು ಪದಗಳೂ ಗಾಳಿಯ ಮಾತನ್ನಾಡುತ್ತವೆಯೇ ಹೊರತು ಶಾಖದ ಸುದ್ದಿಗೆ ಹೋಗುವುದಿಲ್ಲ. ವಾಸ್ತವವಾಗಿ ಆ ಯಂತ್ರದ ಕೆಲಸ ಕೋಣೆಯ ಶಾಖವನ್ನು ಹೊತ್ತೊಯ್ದು ಹೊರಗೆ ಚೆಲ್ಲುವುದು.

ಒಳಗೆ ಶಾಖವನ್ನು ಹೀರಿ ಆವಿಯಾದ ಶೀತಕವನ್ನು ಕಂಪ್ರೆಸರ್ ಒತ್ತಿ ಇನ್ನಷ್ಟು ಬಿಸಿಮಾಡುತ್ತದೆ. ಹೊರಗಿನ ಗಾಳಿ 42 ಡಿಗ್ರಿಯಿದ್ದರೂ ಶೀತಕವು ಅದಕ್ಕಿಂತ ಬಿಸಿಯಾಗಿರುವುದರಿಂದಲೇ ಶಾಖವು ಹೊರಕ್ಕೆ ಹರಿಯುತ್ತದೆ. ಕೊಳವೆಗಳಿಗೆ ಪೋಣಿಸಿದ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ಸಂದಿನಲ್ಲಿ ಫ್ಯಾನು ಗಾಳಿಯನ್ನು ಎಳೆಯುತ್ತಿರಬೇಕು. ಸಂದುಗಳು ಮುಚ್ಚಿದರೆ ಒತ್ತಡವೇರಿ, ಕಂಪ್ರೆಸರ್ ಹೆಚ್ಚು ವಿದ್ಯುತ್ತನ್ನು ಸೆಳೆದು, ಕೊನೆಗೆ ಸುಡದಿರಲೆಂದು ತಾನೇ ನಿಂತುಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಹೀಗೇ ಆಯಿತು. ಬಂದ ಮೆಕ್ಯಾನಿಕ್ “ಗ್ಯಾಸ್ ಕಮಿ ಆಗೇತ್ರಿ ಸರ್” ಎಂದು ತುಂಬಿ ಹಣ ಪಡೆದ. ಎರಡು ವಾರಕ್ಕೆ ಅದೇ ಪಾಡು. ಪೆಟ್ಟಿಗೆಯ ಹಿಂಬದಿಯನ್ನು ನೋಡಿದರೆ ದೂಳು ಮತ್ತು ಮಗ್ಗದ ನೂಲಿನ ಎಳೆಗಳು ಸೇರಿ ಕಂಬಳಿಯಂತೆ ಹೊದ್ದುಕೊಂಡಿದ್ದವು! ಶೀತಕವು ವಾಹನದ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿಕೆಯಿದೆಯೆಂದೇ ಅರ್ಥ. ಸೋರಿಕೆಯನ್ನು ತೋರಿಸದೆ ತುಂಬಲು ಬರುವವರನ್ನು ಪ್ರಶ್ನಿಸುವ ಹಕ್ಕು ನಮಗಿದೆ.

ಶುಚಿಗೊಳಿಸುವ ಮುನ್ನ ರಿಮೋಟಿನಿಂದ ನಿಲ್ಲಿಸಿದರೆ ಸಾಲದು, ಎಂ.ಸಿ.ಬಿ.ಯನ್ನೇ ಇಳಿಸಬೇಕು. ಒಳಗಿನ ಕೆಪಾಸಿಟರ್ ವಿದ್ಯುತ್ ಕಡಿದ ಮೇಲೂ ಆಘಾತ ನೀಡಬಲ್ಲದಾದ್ದರಿಂದ ತಂತಿಗಳಿರುವ ಭಾಗದ ಮುಚ್ಚಳವನ್ನು ತೆರೆಯಲೇಬಾರದು. ಎಲೆ, ಹಕ್ಕಿಗೂಡಿನ ಕಡ್ಡಿಗಳನ್ನು ತೆಗೆದು, ಮೆತ್ತನೆಯ ಬ್ರಶ್ಶನ್ನು ಹಾಳೆಗಳ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಅಡ್ಡ ಎಳೆದರೆ ಹಾಳೆಗಳು ಮಡಚಿಕೊಳ್ಳುತ್ತವೆ. ಬಳಿಕ ತಂತಿಯ ಭಾಗಕ್ಕೆ ತಾಗದಂತೆ ಮಂದ ಧಾರೆಯ ನೀರು. ಬೈಕು ತೊಳೆಯುವ ಜೋರಿನ ಪಂಪು ಬೇಡ. ಎಷ್ಟೋ ಯಂತ್ರಗಳು ಕೆಟ್ಟಿರುವುದು ಕೊಳೆಯಿಂದಲ್ಲ, ಈ ಉತ್ಸಾಹದಿಂದ. ಪೂರ್ತಿ ಒಣಗಿದ ಮೇಲೆಯೇ ಸ್ವಿಚ್ಚು ಹಾಕಬೇಕು.

ಯುಗಾದಿಗೆ ಮೊದಲೊಮ್ಮೆ, ನಡುಬೇಸಿಗೆಯಲ್ಲೊಮ್ಮೆ ಹೀಗೆ ಮಾಡಿದರೆ ಸಾಕು. ಪೆಟ್ಟಿಗೆಯ ಮೇಲೆ ನೆರಳಿದ್ದರೆ ಒಳ್ಳೆಯದೇ. ಆದರೆ ನೆರಳಿಗೆಂದು ಸುತ್ತ ತಗಡು ಹೊಡೆದು ಗಾಳಿಯ ದಾರಿಯನ್ನೇ ಮುಚ್ಚುವವರಿದ್ದಾರೆ. ಗೋಡೆಯಂಚಿನ ಎತ್ತರದ ಸ್ಟ್ಯಾಂಡಿನ ಮೇಲೆ ಅದು ಕುಳಿತಿದ್ದರೆ ನೀವು ಹತ್ತಬೇಡಿ, ಹಗ್ಗ-ಪಟ್ಟಿ ಕಟ್ಟಿಕೊಂಡು ಕೆಲಸಮಾಡುವವರನ್ನೇ ಕರೆಯಿರಿ.